ಕೊರಡಿನ ಮಾತು ಬಂದಾಗ

ಡೇರಿಗೆ ಹಾಲು ಹಾಕಿ ಮುಗಿಸಿದ ಹನ್ನೊಂದು ಮಂದಿ ಹೆಂಗಸರು ಅಲ್ಲೇ ಜಗಲಿಯ ಮೇಲೆ ಕುಳಿತರು. ಬೆಂಗಳೂರಿನ ಅಂಚಿಗಿರುವ ಆನೇಕಲ್ ತಾಲ್ಲೂಕಿನ ಊರು, ಆಷಾಢದ ಸಂಜೆ. ನನ್ನ ಚೀಲದಲ್ಲಿದ್ದುದು ಅಂಗೈಯಗಲದ ಸ್ಪೀಕರ್, ಅದರಲ್ಲಿ ಹಾವೇರಿ ಕಡೆಯ ರೈತ ಮಹಿಳೆಯೊಬ್ಬರು ಗುಳಿ ತೋಡಿ ನೆಡುವ ಗುಳಿ ರಾಗಿಯ ಬಗ್ಗೆ ಹೇಳಿದ, ನಾನು ಧ್ವನಿಮುದ್ರಿಸಿಕೊಂಡಿದ್ದ ಹನ್ನೆರಡು ನಿಮಿಷದ ಮಾತು.

ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಒಂದು ಹಿಡಿ ಗೊಬ್ಬರ, ಎರಡು ಪೈರು. ಅಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು. ಪೈರು ಬೇರು ಬಿಟ್ಟ ಮೇಲೆ ಎತ್ತು ಕಟ್ಟಿ ಅದರ ಮೇಲೆ ಕೊರಡು ಎಳೆಯಬೇಕು ಎಂದದ್ದೇ ತಡ, ಮೂಲೆಯಲ್ಲಿದ್ದ ಅಜ್ಜಿ ಕೈ ಎತ್ತಿದರು.

“ನಿಲ್ಲಿಸಮ್ಮ. ನೆಟ್ಟ ಪೈರಿನ ಮೇಲೆ ಯಾರಾದರೂ ಮರ ಎಳೆಯುತ್ತಾರೆಯೇ?”

ನಿಲ್ಲಿಸಿದೆ. ಅದಾದ ಮೇಲೆ ಮುಕ್ಕಾಲು ಗಂಟೆ ಸ್ಪೀಕರ್ ಮಾತಾಡಲೇ ಇಲ್ಲ. “ಅತ್ತೆಯ ಕಾಲದಲ್ಲಿ ಕುಂಟೆ ಹೊಡೆದಾಗಲೂ ಪೈರು ಮಲಗುತ್ತಿತ್ತು, ಎದ್ದ ಮೇಲೆ ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಚೆನ್ನಾಗಿ ಒಡೆಯುತ್ತಿತ್ತು” ಎಂದರು ಒಬ್ಬರು. ಎತ್ತು ಮಾರಿ ಹತ್ತು ವರ್ಷವಾಯಿತು, ಎಳೆಯುವವರು ಯಾರು ಎಂದರು ಇನ್ನೊಬ್ಬರು. ಹಗ್ಗ ಕಟ್ಟಿ ಇಬ್ಬರು ಎಳೆದರಾಯಿತು ಎಂಬ ಉತ್ತರ ಪಕ್ಕದಿಂದಲೇ ಬಂತು. ಆಗ ಅಜ್ಜಿ ಕೇಳಿದರು: “ನಮ್ಮ ರಾಗಿಯ ನಡುವೆ ಮಿಶ್ರ ಬೆಳೆಯಾಗಿ ಅವರೆಯ ಅಕ್ಕಡಿ ಸಾಲು ಇರುತ್ತದಲ್ಲ, ಕೊರಡು ಎಳೆದರೆ ಅದು ಮುರಿಯುವುದಿಲ್ಲವೇ?”

ಧ್ವನಿಮುದ್ರಿಸುವಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಒಬ್ಬೊಬ್ಬರೇ ಮನೆಯಲ್ಲಿ ಕೇಳಿದ್ದರೆ ಅಜ್ಜಿಯ ಅನುಮಾನ ಅಜ್ಜಿಯಲ್ಲೇ ಉಳಿಯುತ್ತಿತ್ತು, ಅತ್ತೆಯ ಕುಂಟೆಯ ನೆನಪು ಯಾರಿಗೂ ಸಿಗುತ್ತಿರಲಿಲ್ಲ. 1956ರಲ್ಲಿ ಯುನೆಸ್ಕೊ ನೆರವಿನೊಡನೆ ಪುಣೆ ಆಕಾಶವಾಣಿ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಕೂಟಗಳನ್ನು ಕಟ್ಟಿದಾಗ, ರೈತರು ಒಟ್ಟಿಗೆ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಬಾನುಲಿ ಕೇಂದ್ರಕ್ಕೆ ಕಳಿಸುತ್ತಿದ್ದರು. ಇಂದು ಮಾಹಿತಿ ಮಗನ ಮೊಬೈಲಿಗೆ ಬಂದು ಬೀಳುತ್ತದೆ. ಹೊಲದಲ್ಲಿ ಬಗ್ಗುವ ತಾಯಿಯ ಪ್ರಶ್ನೆ ಮರಳಿ ಹೋಗಲು ದಾರಿಯಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಅಜ್ಜಿಯ ಪ್ರಶ್ನೆಯನ್ನು ಅವರ ದನಿಯಲ್ಲೇ ಮುದ್ರಿಸಿಕೊಂಡೆ. ಮೊಬೈಲಿನ ಹತ್ತಿರ ಬಾಗಿ, ಕಾಣದ ಆ ಹೆಂಗಸನ್ನು “ತಾಯಿ” ಎಂದು ಕರೆದು, ತಮ್ಮ ಹೊಲದ ಮಣ್ಣು, ಅವರೆ ಸಾಲಿನ ಅಂತರ ಎಲ್ಲವನ್ನೂ ವಿವರಿಸಿದರು.

ಕತ್ತಲಾಗಿತ್ತು. ಎದ್ದು ಹೊರಟವರು ಮತ್ತೆ ಕುಳಿತರು.

“ಕೊರಡಿನ ಮಾತು ಇನ್ನೊಮ್ಮೆ ಹಾಕಮ್ಮ. ಎರಡು ಗುಂಟೆಯಲ್ಲಿ ಅವರೆ ಇಲ್ಲದೆ ಎಳೆದು ನೋಡುತ್ತೇನೆ.”