ಪ್ರಮಾಣಪತ್ರಕ್ಕೆ ಯಾರ ಮುಂದೆ ಸಹಿ ಹಾಕಬೇಕು?

ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಕಾಗದಪತ್ರ ಸಿದ್ಧಪಡಿಸುವ ನನ್ನ ಬಳಿಗೆ ಅಫಿಡವಿಟ್, ಅಂದರೆ ಬರೆದದ್ದು ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕುವ ಪ್ರಮಾಣಪತ್ರ, ಮಾಡಿಸಲು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಷ್ಟು ರೂಪಾಯಿಯ ಛಾಪಾ ಕಾಗದ ಬೇಕು ಎಂದು. ನಾನು ಮೊದಲು ಕೇಳುವುದು, ಅದನ್ನು ಎಲ್ಲಿಗೆ ಸಲ್ಲಿಸುತ್ತೀರಿ ಎಂದು. ಛಾಪಾ ಕಾಗದ ಸರ್ಕಾರಕ್ಕೆ ಸಲ್ಲಬೇಕಾದ ಸುಂಕದ ಮಾತು. ಪ್ರಮಾಣ ಬೋಧಿಸುವ ಅಧಿಕಾರ ಯಾರಿಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಅಧಿಕಾರ ಯಾರದೆಂಬುದು ಕಾಗದ ಕೊನೆಗೆ ಯಾರ ಮೇಜಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ.

1969ರ ಪ್ರಮಾಣಗಳ ಕಾಯ್ದೆಯ 3ನೇ ಕಲಂ ಈ ಭೇದವನ್ನು ಸ್ಪಷ್ಟವಾಗಿ ಹೇಳುತ್ತದೆ: ನ್ಯಾಯಾಲಯದ ನಡವಳಿಗೆ ಬೇಕಾದ ಪ್ರಮಾಣಪತ್ರವಾದರೆ ಹೈಕೋರ್ಟ್ ಅಧಿಕಾರ ಕೊಟ್ಟವರು, ಉಳಿದ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರ ಅಧಿಕಾರ ಕೊಟ್ಟವರು ಪ್ರಮಾಣ ಬೋಧಿಸಬಹುದು. ಸಿವಿಲ್ ದಾವೆಗಳಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 139ನೇ ಕಲಂ ಇದೆ. ಅದರಂತೆ ಯಾವುದೇ ನ್ಯಾಯಾಲಯ ಅಥವಾ ಮ್ಯಾಜಿಸ್ಟ್ರೇಟ್, ನೋಟರಿ, ಹೈಕೋರ್ಟ್ ನೇಮಿಸಿದ ಅಧಿಕಾರಿ ಅಥವಾ ವ್ಯಕ್ತಿ, ಹಾಗೂ ರಾಜ್ಯ ಸರ್ಕಾರದಿಂದ ಅಧಿಕಾರ ಪಡೆದ ಬೇರೆ ನ್ಯಾಯಾಲಯ ನೇಮಿಸಿದ ಅಧಿಕಾರಿ, ಇವರಲ್ಲಿ ಯಾರ ಮುಂದೆಯಾದರೂ ಪ್ರಮಾಣ ಮಾಡಬಹುದು. ಕ್ರಿಮಿನಲ್ ನ್ಯಾಯಾಲಯಗಳ ಮಟ್ಟಿಗೆ ಇಂಥದ್ದೇ ಪಟ್ಟಿ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ, ಅದರಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಹೆಸರೂ ಸೇರಿದೆ.

ಈ ಯಾವ ಪಟ್ಟಿಯಲ್ಲೂ "ಗೆಜೆಟೆಡ್ ಅಧಿಕಾರಿ" ಎಂಬ ಮಾತಿಲ್ಲ. ಅಂಕಪಟ್ಟಿಯ ಜೆರಾಕ್ಸ್ ಮೇಲೆ ಹಸಿರು ಶಾಯಿಯ ಸಹಿ ಹಾಕಿಸಿಕೊಂಡು ರೂಢಿಯಾದವರು ಅದೇ ಅಧಿಕಾರಿಯ ಬಳಿ ಅಫಿಡವಿಟ್ಟಿಗೂ ಮುದ್ರೆ ಒತ್ತಿಸಿಕೊಂಡು ಬರುತ್ತಾರೆ. ನಕಲು ಮೂಲಕ್ಕೆ ಸರಿಯಾಗಿದೆ ಎಂದು ದೃಢೀಕರಿಸುವುದು ಒಂದು ಕೆಲಸ, ಒಬ್ಬ ಮನುಷ್ಯನಿಂದ ಪ್ರಮಾಣ ಮಾಡಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಬಲ್ಲವರಿಗೆಲ್ಲ ಎರಡನೆಯದರ ಅಧಿಕಾರ ಇರುವುದಿಲ್ಲ. ಕೆಲವು ನಮೂನೆಗಳಂತೂ ತಮ್ಮದೇ ಪಟ್ಟಿಯನ್ನು ಹೊಂದಿರುತ್ತವೆ. ಚುನಾವಣೆಗೆ ನಿಲ್ಲುವ ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವನ್ನು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ನೋಟರಿ ಅಥವಾ ಹೈಕೋರ್ಟ್ ನೇಮಿಸಿದ ಓತ್ ಕಮಿಷನರ್ (ಪ್ರಮಾಣ ಬೋಧಿಸುವ ಅಧಿಕಾರಿ) ಎದುರಿಗೇ ಮಾಡಬೇಕು.

ವ್ಯವಹಾರದಲ್ಲಿ ಹೆಚ್ಚಿನ ಕಾಗದಗಳು ಹೋಗುವುದು ನೋಟರಿಯ ಬಳಿಗೆ. 1952ರ ನೋಟರಿ ಕಾಯ್ದೆಯ 8ನೇ ಕಲಂ ಅವರಿಗೆ ಆ ಅಧಿಕಾರ ಕೊಟ್ಟಿದೆ, ಆದರೆ ವೃತ್ತಿ ನಡೆಸಲು ಅವರಿಗೆ ಕೊಡುವ ಸರ್ಟಿಫಿಕೇಟ್ ಐದು ವರ್ಷದ್ದು, ನವೀಕರಿಸುತ್ತಿರಬೇಕು, ಕ್ಷೇತ್ರವೂ ಗೊತ್ತುಪಡಿಸಿದ್ದು. ಆದ್ದರಿಂದ ಕಾಗದ ಕೈಗೆ ಬಂದೊಡನೆ ನಾನು ಮುದ್ರೆಯನ್ನು ಓದುತ್ತೇನೆ. ನಿಯಮದ ಪ್ರಕಾರ ಅದು 5 ಸೆಂಟಿಮೀಟರ್ ವ್ಯಾಸದ ದುಂಡು ಮುದ್ರೆ. ನೋಟರಿಯ ಹೆಸರು, ಕ್ಷೇತ್ರ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಅದರಲ್ಲಿರಬೇಕು. ಆಮೇಲೆ ದಿನಾಂಕ, ರಿಜಿಸ್ಟರಿನ ಕ್ರಮಸಂಖ್ಯೆ, ಪ್ರತಿ ಪುಟದ ಕೆಳಗಿನ ಸಹಿ, ತಿದ್ದಿದ ಕಡೆ ಚಿಕ್ಕ ಸಹಿ. ದಿನಾಂಕದ ಜಾಗ ಖಾಲಿ ಬಿಟ್ಟು ಮುದ್ರೆ ಮಾತ್ರ ಬಿದ್ದಿದ್ದರೆ ಆ ಕಾಗದವನ್ನು ನಾನು ಕಡತಕ್ಕೆ ಸೇರಿಸುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಜಗಳವಾಗುವುದು ಹಾಜರಿಯ ವಿಷಯದಲ್ಲಿ. "ಅವ್ವ ಊರಲ್ಲೇ ಸಹಿ ಮಾಡಿ ಕೊಟ್ಟಾರ್ರೀ, ನೋಟರಿ ಸಾಹೇಬರ ಹತ್ರ ಒಂದು ಸೀಲ್ ಹಾಕಿಸಿಬಿಡ್ರಿ" ಎಂದು ಮಗ ಕಾಗದ ಮುಂದಿಡುತ್ತಾನೆ. ಅವನಲ್ಲಿ ಕಪಟವೇನೂ ಇರುವುದಿಲ್ಲ. ಆದರೆ "ನನ್ನ ಸಮಕ್ಷಮದಲ್ಲಿ ಪ್ರಮಾಣ ಮಾಡಿ ಸಹಿ ಮಾಡಿದರು" ಎಂಬ ಷರಾದ ಕೆಳಗೆ ಅಧಿಕಾರಿ ಸಹಿ ಮಾಡುವಾಗ, ತಾಯಿ ಅಲ್ಲಿಲ್ಲದಿದ್ದರೆ ಆ ಷರಾವೇ ಸುಳ್ಳಾಗುತ್ತದೆ. ಪ್ರಮಾಣಕರ್ತ ಎದುರಿಗಿಲ್ಲದೆ ಅಫಿಡವಿಟ್ ದೃಢೀಕರಿಸಿದ ವಕೀಲರೊಬ್ಬರನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಐದು ವರ್ಷ ವೃತ್ತಿಯಿಂದ ಅಮಾನತು ಮಾಡಿದ ತೀರ್ಪನ್ನು ನಾನು ಇಂಥವರಿಗೆ ಹೇಳುವುದುಂಟು. ಹೇಳಿದರೂ ಕೆಲವರು ಬೇಸರಪಟ್ಟುಕೊಂಡು ಪಕ್ಕದ ಮೇಜಿಗೆ ಹೋಗುತ್ತಾರೆ. ತಾಯಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ: ಕಾಗದ ಇಂಗ್ಲಿಷಿನಲ್ಲಿದ್ದು ಅವರಿಗೆ ಕನ್ನಡ ಮಾತ್ರ ಗೊತ್ತಿದ್ದರೆ, ಇಲ್ಲವೆ ಅವರು ಹೆಬ್ಬೆಟ್ಟು ಒತ್ತುವವರಾದರೆ, ಒಕ್ಕಣೆಯನ್ನು ಓದಿ ತಿಳಿಸಲಾಗಿದೆ, ಅವರು ಒಪ್ಪಿದ್ದಾರೆ ಎಂಬ ಸಾಲನ್ನು ಸೇರಿಸುತ್ತೇವೆ, ಮತ್ತು ನಿಜವಾಗಿಯೂ ಓದಿ ಹೇಳುತ್ತೇವೆ.

ವಿದೇಶದಲ್ಲಿರುವ ಮಕ್ಕಳಿಂದ ಬರುವ ಕಾಗದಗಳಿಗೆ ಬೇರೆ ದಾರಿಯಿದೆ. ದುಬೈಯಲ್ಲೋ ಲಂಡನ್ನಿನಲ್ಲೋ ಇರುವವರು ಭಾರತದ ದೂತಾವಾಸಕ್ಕೆ ಹೋಗಿ ಅಲ್ಲಿನ ಅಧಿಕಾರಿಯ ಮುಂದೆ ಪ್ರಮಾಣ ಮಾಡಬಹುದು. 1948ರ ರಾಜತಾಂತ್ರಿಕ ಮತ್ತು ಕಾನ್ಸುಲರ್ ಅಧಿಕಾರಿಗಳ ಕಾಯ್ದೆಯಂತೆ ಅದಕ್ಕೆ ಇಲ್ಲಿನ ಅಧಿಕೃತರ ಮುಂದೆ ಮಾಡಿದ ಪ್ರಮಾಣದಷ್ಟೇ ಬೆಲೆ. ಅಲ್ಲಿನ ನೋಟರಿಯ ಮುದ್ರೆಯಾದರೆ, ಆ ದೇಶದ ನೋಟರಿ ಕೃತ್ಯಗಳಿಗೆ ನಮ್ಮ ನೋಟರಿ ಕಾಯ್ದೆಯ 14ನೇ ಕಲಂ ಕೆಳಗೆ ಮಾನ್ಯತೆ ಸಿಕ್ಕಿದೆಯೇ ಎಂದು ಎದುರು ಪಕ್ಷದವರು ತಕರಾರು ಎತ್ತಲು ಅವಕಾಶವಾಗುತ್ತದೆ. ಹೀಗಾಗಿ ಅವರಿಗೆ ಕರಡು ಕಳುಹಿಸುವಾಗಲೇ, ಮನೆಯಲ್ಲಿ ಸಹಿ ಮಾಡದೆ ಕಾಗದವನ್ನು ಹಾಗೆಯೇ ದೂತಾವಾಸಕ್ಕೆ ಒಯ್ಯಿರಿ ಎಂದು ಬರೆದು ಕಳುಹಿಸುತ್ತೇನೆ.