‘ಸಂಜೆ ಆದ್ಮೇಲೆ ಅಲ್ಲಿ ಏನು ಮಾಡ್ತೀರಾ?’

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ. ಮೈಸೂರಿನಲ್ಲಿ ನನ್ನ ಜೊತೆ ಓದಿದವರು ಕೇಳುತ್ತಾರೆ. ಎರಡು ದಿನ ಹೋಮ್‌ಸ್ಟೇಯಲ್ಲಿ ಉಳಿದು, ರಾಜಾಸೀಟ್ ನೋಡಿ, ಕಾಫಿಪುಡಿ ಕಟ್ಟಿಸಿಕೊಂಡು ಹೊರಡುವವರೂ ಕೇಳುತ್ತಾರೆ. "ಮಡಿಕೇರಿಯೇನೋ ಚೆನ್ನಾಗಿದೆ. ಆದರೆ ಸಂಜೆ ಆದ್ಮೇಲೆ ಏನು ಮಾಡ್ತೀರಾ? ಮಾಲ್ ಇಲ್ಲ, ದೊಡ್ಡ ಥಿಯೇಟರ್ ಇಲ್ಲ, ವಾರ ವಾರ ನಾಟಕ ಇಲ್ಲ. ಬೇಜಾರಾಗಲ್ವಾ?"

ಆಗಲ್ಲ. ಇಷ್ಟು ದಿನ ಇಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ, ಯಾರೂ ನಂಬುತ್ತಿರಲಿಲ್ಲ. ಇವತ್ತು ಹೊರಗೆ ಮಳೆ ಬಿಡುವ ಹಾಗೆ ಕಾಣುತ್ತಿಲ್ಲ, ಕರೆಂಟ್ ಇದೆ, ಹಾಗಾಗಿ ಪೂರ್ತಿಯಾಗಿ ಬರೆಯುತ್ತೇನೆ.

ನಾನು ಬೆಳೆದದ್ದು ಸೋಮವಾರಪೇಟೆ ಕಡೆ. ಮದುವೆಯಾಗಿ ಮಡಿಕೇರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದ್ದು ಒಂದೇ. ಇಲ್ಲಿ ದುಡ್ಡು ಕೊಟ್ಟು ಕೂತು ನೋಡುವ ಮಜಾ ಕಡಿಮೆ, ನಾವೇ ಕೈ ಹಾಕುವ ಮಜಾ ಜಾಸ್ತಿ.

ಮಳೆಗಾಲದ ಸಂಜೆ ಇಲ್ಲಿ ಶುರುವಾಗುವುದೇ ಅಡುಗೆಮನೆಯಲ್ಲಿ. ಶುಕ್ರವಾರದ ಸಂತೆಯಲ್ಲಿ ಏನು ಸಿಗುತ್ತದೋ ಅದೇ ಆ ವಾರದ ಅಡುಗೆ. ಕೆಸುವಿನ ಎಲೆ ಸಿಕ್ಕರೆ ಪತ್ರೊಡೆ. ಅದೃಷ್ಟ ಇದ್ದರೆ ಕಾಡು ಅಣಬೆ. ಕಳಲೆ, ಅಂದರೆ ಕೊಡವರು ಬೈಂಬಳೆ ಅನ್ನುವ ಎಳೆ ಬಿದಿರು, ಸಿಕ್ಕಿದರೆ ಮಾತ್ರ ಅವಸರ ಮಾಡುವ ಹಾಗಿಲ್ಲ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಿಡಬೇಕು, ದಿನಾ ನೀರು ಬದಲಿಸಬೇಕು, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಶುಕ್ರವಾರ ತಂದದ್ದು ತಟ್ಟೆಗೆ ಬರುವುದು ಸೋಮವಾರ, ಬಿಸಿ ಅಕ್ಕಿರೊಟ್ಟಿ ಜೊತೆ. ಮೂರು ದಿನ ಕಾದು ತಿನ್ನುವ ರುಚಿಯೇ ಬೇರೆ, ಅದು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಊಟದಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ.

ಕಡಂಬುಟ್ಟು ಕಲಿಸಿದ್ದು ಪಕ್ಕದ ಮನೆಯ ಆಂಟಿ. ಕೊಡವರು, ಎಪ್ಪತ್ತು ದಾಟಿದ್ದಾರೆ. ಅಕ್ಕಿತರಿಯನ್ನು ಉಪ್ಪು ಹಾಕಿ ಕುದಿಯುವ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಾದಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ಆರಿದರೆ ಉಂಡೆ ಬಿರುಕು ಬಿಡುತ್ತದೆ. ಮೊದಲ ಸಲ ನಾನು ಕೈ ಸುಡುತ್ತೆ ಅಂದಾಗ ಅವರು, "ಸುಡಲಿ ಮಗಾ, ಅಭ್ಯಾಸ ಆಗುತ್ತೆ" ಅಂದಿದ್ದರು. ಆಯ್ತು ಕೂಡ. ಅವರ ಮನೆಯ ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಕೊನೆಯಲ್ಲಿ ಒಂದು ಚಮಚ ಕಾಚಂಪುಳಿ ಬೀಳುತ್ತದೆ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪುಳಿ ಅನ್ನುವ ಹುಳಿ ಕಾಯಿಯನ್ನು ಆರಿಸಿ, ಅದರ ರಸ ಇಳಿಸಿ, ಗಂಟೆಗಟ್ಟಲೆ ಕುದಿಸಿದರೆ ಕಪ್ಪಗೆ ಜೇನಿನ ಹಾಗೆ ದಪ್ಪ ಆಗುತ್ತದೆ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನು ಕುದಿಸುವ ದಿನ ಮೂರು ಮನೆಯವರು ಒಂದೇ ಒಲೆ ಸುತ್ತ ಕೂತಿರುತ್ತೇವೆ. ಆ ಸಂಜೆ ಟಿವಿ ಹಾಕಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಆಗಸ್ಟ್ 3 ಬಂತೆಂದರೆ ಮದ್ದುಸೊಪ್ಪು ಅನ್ನುವ ಕಾಡುಗಿಡದ ಸೊಪ್ಪಿನ ದಿನ. ಕೊಡವರಿಗೆ ಅದು ಕಕ್ಕಡ ತಿಂಗಳ 18ನೇ ದಿನ, ಅರೆಭಾಷೆ ಮಾತಾಡುವ ನಮ್ಮ ಗೆಳತಿಯರಿಗೆ ಆಟಿ ತಿಂಗಳ 18ನೇ ದಿನ. ಆ ಹೊತ್ತಿಗೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಅಂತ ನಂಬಿಕೆ. ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆ ನೀರಿನಲ್ಲೇ ಪಾಯಸ. ಮೊದಲ ಸಲ ತಿನ್ನುವವರು ಮರುದಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ ಅಷ್ಟೇ.

ಬಟ್ಟೆಯ ವಿಷಯ. ಫ್ಯಾಷನ್ ಮಾಡೋಕೆ ಜಾಗ ಎಲ್ಲಿದೆ ಅಂತಲೂ ಕೇಳುತ್ತಾರೆ. ನಾಲ್ಕು ತಿಂಗಳು ಗಂಬೂಟು, ಕೊಡೆ, ಸ್ವೆಟರ್, ಅದು ನಿಜ. ಬಟ್ಟೆ ಒಣಗುವುದಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ನನ್ನ ಮದುವೆಯ ರೇಷ್ಮೆ ಸೀರೆಗೆ ಹಾಗೆ ಬೂಷ್ಟು ಹಿಡಿದು ಅತ್ತೇಬಿಟ್ಟಿದ್ದೆ. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಮಳೆ ಬಿಟ್ಟು ಮೊದಲ ಬಿಸಿಲು ಬಿದ್ದ ದಿನ ಎಲ್ಲ ಸೀರೆಗಳನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರಡುತ್ತೇನೆ. ಆ ದಿನ ನನಗೆ ಹಬ್ಬವೇ. ಯಾವುದನ್ನು ದಸರೆಗೆ, ಯಾವುದನ್ನು ಯಾರ ಮದುವೆಗೆ ಅಂತ ಆಗಲೇ ತೀರ್ಮಾನ ಆಗುತ್ತದೆ. ಅಂಗಳ ತುಂಬ ಸೀರೆ ನೋಡಿ ಆಂಟಿಯೂ ಅವರದನ್ನು ಹೊತ್ತು ತರುತ್ತಾರೆ, ಒಂದೊಂದು ಸೀರೆಗೆ ಒಂದೊಂದು ಕಥೆ.

ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಇರುತ್ತದೆ, ಸೆರಗು ಎದೆಯ ಮೇಲಿಂದ ಬಂದು ಬಲ ಭುಜದ ಮೇಲೆ ನಿಲ್ಲುತ್ತದೆ. ಅಗಸ್ತ್ಯರನ್ನು ಬಿಟ್ಟು ನದಿಯಾಗಿ ಹರಿದ ಕಾವೇರಿಯ ರಭಸಕ್ಕೆ, ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತು ಅಂತ ಕಥೆ ಹೇಳುತ್ತಾರೆ. ಆಂಟಿ ಒಮ್ಮೆ ನನಗೆ ಹಾಗೆ ಉಡಿಸಿ ಮನೆಯೊಳಗೆ ನಡೆಸಿದರು. ಕಾಲಿಗೆ ಏನೂ ತೊಡರುವುದಿಲ್ಲ, ಏರು ಹತ್ತುವ ಊರಿಗೆ ಹೇಳಿ ಮಾಡಿಸಿದ ಉಡುಗೆ.

ಸಿನಿಮಾಗೆ ಇಲ್ಲಿ ಕೊರತೆ ಇದೆ, ಒಪ್ಪುತ್ತೇನೆ. ಹೊಸ ಸಿನಿಮಾ ಬೇಕಾದ ಹೊತ್ತಿಗೆ ದೊಡ್ಡ ಪರದೆಯಲ್ಲಿ ಸಿಗುವುದಿಲ್ಲ. ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಏನಾದರೂ ಕೆಲಸಕ್ಕೆ ಹೋದಾಗ ಒಂದೇ ದಿನ ಎರಡು ಸಿನಿಮಾ ನೋಡಿ ಬರುತ್ತೇವೆ. ಉಳಿದದ್ದು ಮನೆಯಲ್ಲಿ, ಕರೆಂಟ್ ಇರುವಷ್ಟು ಹೊತ್ತು. ಅರ್ಧಕ್ಕೆ ನಿಂತರೆ ಮುಂದೇನಾಗಬಹುದು ಅಂತ ಕತ್ತಲಲ್ಲಿ ಮಕ್ಕಳು ಕಥೆ ಕಟ್ಟುತ್ತಾರೆ, ಎಷ್ಟೋ ಸಲ ಮಾರನೇ ದಿನ ನೋಡಿದ ಅಸಲಿ ಕಥೆಗಿಂತ ಅದೇ ಚೆನ್ನಾಗಿರುತ್ತದೆ. 2006ರ ‘ಮುಂಗಾರು ಮಳೆ’ಯ ಕಥೆ ನಡೆಯುವುದು ನಮ್ಮ ಮಡಿಕೇರಿಯಲ್ಲಿ. ಹಾಡಿನಲ್ಲಿ ಕಂಡ ಆ ದೊಡ್ಡ ಜಲಪಾತ ಎಲ್ಲಿ ಅಂತ ಬಂದವರು ಈಗಲೂ ಕೇಳುತ್ತಾರೆ. ಅದು ಜೋಗ, ಇಲ್ಲಿಂದ ತುಂಬಾ ದೂರ.

ಇನ್ನು ವೇದಿಕೆ ಕಾರ್ಯಕ್ರಮ. ಈ ಪ್ರಶ್ನೆ ಕೇಳುವವರನ್ನು ಒಂದು ಕೊಡವ ಮದುವೆಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ಗಂಗಾಪೂಜೆಯಲ್ಲಿ ಮದುಮಗಳು ನೀರಿನ ಕೊಡ ಹೊತ್ತು ಬರುತ್ತಾಳೆ. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅವಳ ದಾರಿ ಅಡ್ಡಗಟ್ಟುತ್ತಾರೆ. ಗಂಟೆಗಟ್ಟಲೆ ನಡೆಯುತ್ತದೆ ಅದು. ಅವಳು ಕೊಡ ಇಳಿಸುವ ಹಾಗಿಲ್ಲ, ಅವರು ಕುಣಿತ ನಿಲ್ಲಿಸುವುದಿಲ್ಲ. ಕುಪ್ಯ ಚೇಲೆ (ಕೊಡವರ ನಿಲುವಂಗಿ ಮತ್ತು ಸೊಂಟಪಟ್ಟಿ) ತೊಟ್ಟ ಅಜ್ಜಂದಿರು, ಶಾಲೆ ಮಕ್ಕಳು, ಊಟ ಮುಗಿಸಿ ಬಂದ ನನ್ನಂಥ ನೆರೆಮನೆಯವರು, ವಾಲಗ ಶುರುವಾದ ಮೇಲೆ ಯಾರ ಕಾಲೂ ಸುಮ್ಮನಿರುವುದಿಲ್ಲ.

ಮತ್ತೆ ನಮ್ಮ ದಸರಾ. ನವರಾತ್ರಿಯ ಶುರುವಿನಲ್ಲಿ ಪಂಪಿನಕೆರೆಯಿಂದ ಹೊರಡುವ ನಾಲ್ಕು ಕರಗಗಳು ಊರು ಸುತ್ತಿ ಮನೆ ಬಾಗಿಲಿಗೇ ಬರುತ್ತವೆ. ನಾವು ನೀರು ಹಾಕಿ, ರಂಗೋಲಿ ಬಿಟ್ಟು ಕಾಯುತ್ತಿರುತ್ತೇವೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು. ಟ್ರ್ಯಾಕ್ಟರ್ ಮೇಲೆ ಪುರಾಣದ ಕಥೆ, ಎದ್ದು ನಿಂತು ಕೈಬೀಸುವ ದೈತ್ಯ ಗೊಂಬೆಗಳು, ಹೊಗೆ, ಬೆಳಕು, ಎದೆ ನಡುಗಿಸುವ ಸದ್ದು, ಬೆಳಗಿನ ಜಾವದವರೆಗೆ. ನೋಡುವವರಿಗೆ ಒಂದು ರಾತ್ರಿ. ನಮ್ಮ ಬೀದಿಯ ಹುಡುಗರಿಗೆ ಅದು ವಾರಗಟ್ಟಲೆ ಕೆಲಸ. ಅಂಗಡಿ ಮುಚ್ಚಿ ಬಂದು, ಆಫೀಸು ಮುಗಿಸಿ ಬಂದು, ರಾತ್ರಿ ಶೆಡ್ಡಿನಲ್ಲಿ ವೆಲ್ಡಿಂಗ್, ಬಣ್ಣ, ತಂತಿ. ನಾವು ಕಾಫಿ ಮಾಡಿ ಕಳಿಸುತ್ತೇವೆ. 2020ರಲ್ಲಿ ಕೊರೊನಾ ಬಂದು ಎಲ್ಲ ಸರಳವಾಗಿ ಮುಗಿದಾಗ ಆ ಶೆಡ್ಡಿನ ಸದ್ದಿಲ್ಲದ ರಾತ್ರಿಗಳು ನನಗೆ ತುಂಬ ನೋವು ಕೊಟ್ಟವು. ಈಗ ಮಂಟಪದ ಮೇಲೆ ರಾಕ್ಷಸನ ತಲೆ ತಿರುಗಿದಾಗ ಜನ ಕೂಗುತ್ತಾರಲ್ವಾ, ಆ ತಲೆ ತಿರುಗುವಂತೆ ಮಾಡಿದ ಹುಡುಗ ಯಾರು ಅಂತ ನನಗೆ ಗೊತ್ತಿರುತ್ತದೆ. ದೊಡ್ಡ ಊರಿನ ಯಾವ ಷೋನಲ್ಲೂ ಈ ಖುಷಿ ಸಿಗೋದಿಲ್ಲ.

ಚಿಕ್ಕಮ್ಮನ ಮಗಳು ಈ ಸಲ ದಸರೆಗೆ ಬರುತ್ತಾಳಂತೆ. ಮಧ್ಯಾಹ್ನವೇ ಚೆನ್ನಾಗಿ ನಿದ್ದೆ ಮಾಡು, ಸ್ವೆಟರ್ ತಗೊಂಡು ಬಾ, ಹೀಲ್ಸ್ ಬೇಡ ಅಂತ ಹೇಳಿದ್ದೇನೆ. ಬೆಳಗ್ಗೆ ಮನೆಗೆ ಬಂದ ಮೇಲೆ ಕಡಂಬುಟ್ಟು ಉಂಡೆ ಕಟ್ಟುವುದು ಅವಳ ಕೆಲಸ. ಆಂಟಿ ಈಗಲೇ ಅಕ್ಕಿತರಿ ತೆಗೆದಿಟ್ಟಿದ್ದಾರೆ.