ಗೂಬೆಯ ಮೂಗು ನಡುವಿಗೆ ಬರಲಿ

ಓಟಿಯಲ್ಲಿ ಸಿ-ಆರ್ಮ್, ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಯಂತ್ರ, ನೋಡಿಕೊಳ್ಳುವುದು ನನ್ನ ಕೆಲಸ. ಮೊನ್ನೆ ಒಬ್ಬ ಅಜ್ಜಿಯ ಕೇಸ್ ಇತ್ತು. ನೀರಿನ ಕೊಡ ಎತ್ತಿದ್ದೇ ನೆಪ, ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೊದಲನೆಯದಾದ ಎಲ್1 ಮೂಳೆ ಕುಸಿದಿತ್ತು. ಮೂಳೆ ಟೊಳ್ಳಾದವರಿಗೆ ಅಷ್ಟೇ ಸಾಕು. ಎಕ್ಸ್-ರೇಯಲ್ಲಿ ಎರಡು ಮೂಳೆ ಕುಸಿದಂತೆ ಕಂಡರೂ ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆದದ್ದು ಒಂದೇ, ಅಂದರೆ ಇನ್ನೊಂದು ಹಳೇ ಮುರಿತ.

ಮಾಡಿದ್ದು ವರ್ಟಿಬ್ರೋಪ್ಲಾಸ್ಟಿ, ಸೂಜಿಯಿಂದ ಮೂಳೆಯೊಳಗೆ ಮೂಳೆಗೆಂದೇ ಇರುವ ಸಿಮೆಂಟ್ ತುಂಬುವುದು. 1984ರಲ್ಲಿ ಫ್ರಾನ್ಸಿನ ಅಮಿಯಾನ್‌ನಲ್ಲಿ ಶುರುವಾದದ್ದು. ಎಲ್ಲರಿಗೂ ಬೇಕಾಗುವುದಿಲ್ಲ ಬಿಡಿ. 2009ರ ಎರಡು ಅಧ್ಯಯನಗಳಲ್ಲಿ ಸಿಮೆಂಟ್ ಹಾಕಿಸಿಕೊಂಡವರಿಗೂ, ಡಾಕ್ಟರು ಹಾಕಿದಂತೆ ಬರೀ ನಾಟಕ ಮಾಡಿ ಕಳಿಸಿದವರಿಗೂ ನೋವು ಹೆಚ್ಚುಕಮ್ಮಿ ಒಂದೇ ಥರ ಇಳಿದಿತ್ತು. ಈ ಅಜ್ಜಿ ಮಾತ್ರ ವಾರಗಟ್ಟಲೆ ಮಗ್ಗುಲು ಬದಲಿಸಲಾಗದೆ ಮಲಗಿದ್ದರು.

ಬೆನ್ನು ಕೊಯ್ಯುವುದಿಲ್ಲ, ಹಾಗಾಗಿ ಡಾಕ್ಟರಿಗೆ ಒಳಗಿನದು ಕಾಣುವುದೂ ಇಲ್ಲ. ಕಾಣುವುದೆಲ್ಲ ನಾನು ತೋರಿಸಿದ್ದೇ! ಎದುರಿನಿಂದ ನೇರವಾಗಿ ತೆಗೆದರೆ ಒಂದೊಂದು ಮೂಳೆಯೂ ಗೂಬೆಯ ಮುಖದ ಹಾಗಿರುತ್ತದೆ. ಎರಡು ಪೆಡಿಕಲ್, ಅಂದರೆ ಮೂಳೆಯ ಹಿಂಭಾಗದ ಗಿಡ್ಡ ಕಂಬಗಳು, ಎರಡು ಕಣ್ಣು; ನಡುವೆ ಬೆನ್ನ ಕಡೆಗೆ ಚಾಚಿದ ಮೂಳೆಯ ತುದಿಯೇ ಮೂಗು. ಸೂಜಿ ಕಣ್ಣಿನ ಹೊರ ಅಂಚಿನಿಂದ ಒಳಕ್ಕೆ ಹೋಗಬೇಕು, ಆದರೆ ಪಕ್ಕದ ಚಿತ್ರದಲ್ಲಿ ಅದು ಮೂಳೆಯ ಹಿಂಗೋಡೆ ದಾಟುವ ತನಕ ಕಣ್ಣಿನ ಒಳ ಅಂಚು ಮುಟ್ಟಬಾರದು, ಯಾಕೆಂದರೆ ಆ ಅಂಚಿನಾಚೆ ಇರುವುದೇ ನರಗಳ ದಾರಿ. ಅದಕ್ಕೇ ಎಪಿ (ಎದುರಿನ ಚಿತ್ರ), ಲ್ಯಾಟರಲ್ (ಪಕ್ಕದ ಚಿತ್ರ), ಮತ್ತೆ ಎಪಿ. ಒಂದೇ ಚಿತ್ರ ನಂಬಿದರೆ ಕೆಟ್ಟೆವು.

ಅಜ್ಜಿ ಒಮ್ಮೆ ಕೆಮ್ಮಿದರು, ಒಂಚೂರು ವಾಲಿದರು. ನಾನು ಸುಮ್ನೆ ಮುಂದಿನ ಶಾಟ್ ಹೊಡೆದೆ. ಇಷ್ಟು ವಾಲಿದರೆ ಏನಾಗುತ್ತೆ ಅಂದುಕೊಂಡಿದ್ದೆ. ಡಾಕ್ಟರು ಸೂಜಿ ಬಡಿಯಲು ಎತ್ತಿದ ಸುತ್ತಿಗೆ ಅಲ್ಲೇ ನಿಲ್ಲಿಸಿ, "ಮೂಗು ಎಲ್ಲಿ ಹೋಯ್ತು ನೋಡು" ಅಂದರು. ಮೂಗು ಒಂದು ಕಣ್ಣಿನ ಕಡೆಗೆ ಸರಿದಿತ್ತು. ನಾಚಿಕೆಯಾಯಿತು. ಸಿ-ಆರ್ಮ್ ನಾಲ್ಕೈದು ಡಿಗ್ರಿ ತಿರುಗಿಸಿದ ಮೇಲೆ ಗೂಬೆ ಮತ್ತೆ ನೆಟ್ಟಗೆ ನೋಡಿತು.

ಸಿಮೆಂಟ್ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಅದರಲ್ಲಿ ಬೇರಿಯಂ ಬೆರೆಸಿರುತ್ತದೆ, ಇಲ್ಲದಿದ್ದರೆ ಪರದೆ ಮೇಲೆ ಕಾಣುವುದೇ ಇಲ್ಲ. ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾಗುವ ತನಕ ಕಾಯಬೇಕು. ತೆಳ್ಳಗಿದ್ದಾಗಲೇ ತಳ್ಳಿದರೆ ರಕ್ತನಾಳ ಹಿಡಿದು ಶ್ವಾಸಕೋಶದವರೆಗೂ ಹೋಗಬಹುದು. ಲ್ಯಾಟರಲ್‌ನಲ್ಲಿ ಕಣ್ಣಿಟ್ಟು ನೋಡುತ್ತಿರಬೇಕು, ಕಪ್ಪು ಮೋಡದ ಹಾಗೆ ಹರಡುತ್ತಾ ಹಿಂಗೋಡೆ ಹತ್ತಿರ ಬಂತೋ, ನಿಲ್ಲಿಸಿಬಿಡಬೇಕು. ಅವತ್ತು ಮೂರು ಎಂಎಲ್ ಆಗುವಷ್ಟರಲ್ಲಿ ಡಾಕ್ಟರು ಸಾಕು ಅಂದರು.

ಸೀಸದ ಏಪ್ರನ್ ಬಿಚ್ಚುತ್ತಿದ್ದೆ. ಬೋರಲು ಮಲಗಿದ್ದ ಅಜ್ಜಿ ಕೇಳಿದರು, "ಆಪರೇಷನ್ ಯಾವಾಗಪ್ಪಾ? ಇಷ್ಟೊತ್ತೂ ಬರೀ ಫೋಟೋನೇ ತೆಗೆದ್ರಲ್ಲ."